ಸ್ಕೂಟರ್ ಹತ್ತಿಸಬೇಡ

ಕೂತು ಹೊಲಿಯುವವನು ಎದ್ದು ಓಡಬಾರದು. ಈ ಸತ್ಯ ನನ್ನ ಮೊಣಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದರ್ಜಿಯಾದ ನಾನು ದಿನವಿಡೀ ಊರಿನವರ ಸೊಂಟ ಅಳೆಯುತ್ತ, ಒಂದು ದಿನ ಮೈಮರೆತು ನನ್ನದನ್ನೂ ಅಳೆದುಬಿಟ್ಟೆ. (ಅನುಮಾನ ಬಂದು ಬೇರೆ ಟೇಪು ತರಿಸಿದೆ. ಅದೂ ಮೊದಲಿನದರ ಪಕ್ಷವನ್ನೇ ಸೇರಿತು.)

ಸೊಂಟ ಕರಗಿಸಲು ಓಡುತ್ತೇನೆ ಎಂದೆ. ಹೆಂಡತಿಯ ತಮ್ಮ, ಓಟದ ಮಹಾಪಂಡಿತ, ಉಪದೇಶಕ್ಕೆ ನಿಂತ. “ದೂರದ ಓಟ ಓಡೋದು ಕಾಲಲ್ಲ ಭಾವ, ಮನಸ್ಸು. ಮುಕ್ಕಾಲು ದಾರೀಲಿ ಅದು ಸುಳ್ಳು ಹೇಳೋಕೆ ಶುರು ಮಾಡುತ್ತೆ. ಕಾಲು ಮುರೀತು, ಉಸಿರು ನಿಂತುಹೋಯ್ತು ಅನ್ನುತ್ತೆ. ಕೇಳಬಾರದು, ಅಷ್ಟೇ.”

“ಈಜು ಕಲಿಯೋಕೆ ಹೋಗಿ ಟವೆಲ್ಲೂ ಒದ್ದೆಯಾಗದೆ ವಾಪಸ್ ಬಂದೋರು ಇವರು,” ಎಂದಳು ಹೆಂಡತಿ. “ಇದನ್ನೂ ಅರ್ಧಕ್ಕೇ ಬಿಡ್ತಾರೆ, ನೋಡ್ತಿರು.”

ಮಾತು ನಾಟಿತು. ಒಂದು ಕೆಲಸವನ್ನಾದರೂ ಪೂರ್ತಿ ಮಾಡಿ ತೋರಿಸದಿದ್ದರೆ ಮುದುಕನಾಗುವವರೆಗೂ ಇದನ್ನೇ ಕೇಳಬೇಕು. ಊರಿನ ದೊಡ್ಡ ಓಟಕ್ಕೆ ಹೆಸರು ಕೊಟ್ಟೆ. ಹೆಂಡತಿಗೆ ರಾಜಾಜ್ಞೆಯನ್ನೂ ಹೊರಡಿಸಿದೆ: “ಮುಕ್ಕಾಲು ದಾರೀಲಿ ಸಿಗೋ ಸೇತುವೆ ಹತ್ರ ಸ್ಕೂಟರ್ ನಿಲ್ಲಿಸಿ ನೀರು ಹಿಡ್ಕೊಂಡಿರು. ನಾನು ಎಷ್ಟೇ ಗೋಗರೆದ್ರೂ ಹತ್ತಿಸಬೇಡ. ಅದು ನಾನಲ್ಲ, ನನ್ನ ಮನಸ್ಸು.”

ಸೇತುವೆ ಬಂತು. ಅಷ್ಟರಲ್ಲಿ ನನ್ನನ್ನು ಹಿಂದೆ ಹಾಕದವರು ಯಾರೂ ಉಳಿದಿರಲಿಲ್ಲ. ಕಾಲು ನನ್ನದೇ ಎಂಬುದಕ್ಕೆ ನೋವು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ.

“ಹತ್ತಿಸ್ಕೊಳ್ಳೇ, ಸತ್ತೇ ಹೋಗ್ತೀನಿ.”

“ಮನಸ್ಸು ಮಾತಾಡ್ತಿದೆ. ಓಡಿ ರೀ.”

“ಮನಸ್ಸಲ್ಲ ಕಣೇ, ನಾನೇ! ನಿನ್ನ ಗಂಡ!”

“ಅದು ಹಾಗೇ ಹೇಳುತ್ತೆ,” ಎಂದು ಅವಳು ಕೀಲಿಯನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು.

ನನಗೆ ನಿಜವಾಗಿಯೂ ಅಳು ಬಂತು. ಅಳುವಿನ ಹಿಂದೆಯೇ ಒಂದು ಉಪಾಯವೂ ಬಂತು. “ಅಯ್ಯೋ, ಹೇಳೋದೇ ಮರೆತೆ. ಈಗಷ್ಟೇ ಫೋನ್ ಬಂದಿತ್ತು. ನಿಮ್ಮಮ್ಮಂಗೆ ಹುಷಾರಿಲ್ವಂತೆ. ನಡಿ, ಇಬ್ಬರೂ ಹೋಗೋಣ.”

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಜಿಪ್ ತೆರೆಯಿತು, ಸ್ಕೂಟರ್ ಗುರ್ರೆಂದಿತು. ಹತ್ತಲು ನಾನು ಕಾಲೆತ್ತುವಷ್ಟರಲ್ಲಿ (ಆ ಕಾಲು ಅವಸರಪಡುವ ಸ್ಥಿತಿಯಲ್ಲಿರಲಿಲ್ಲ) ಸ್ಕೂಟರ್, ಹೆಂಡತಿ, ನೀರಿನ ಬಾಟಲಿ ಮೂರೂ ಅಡ್ಡರಸ್ತೆಯಲ್ಲಿ ಮಾಯವಾದವು.

ಓಟಕ್ಕಾಗಿ ಬಸ್ಸು, ಆಟೋ ಎಲ್ಲ ಬಂದ್. ಜೇಬಿನಲ್ಲಿ ಕಾಸಿಲ್ಲ, ಜೇಬೇ ಇಲ್ಲ. (ಹಗುರವಾಗಿರಲಿ ಎಂದು ಆ ಚಡ್ಡಿ ಹೊಲಿದವನು ನಾನೇ.) ಉಳಿದ ದಾರಿಯನ್ನು ಓಡಿದೆ, ನಡೆದೆ, ಕುಂಟಿದೆ. ಅದಕ್ಕೂ ಮನೋಬಲಕ್ಕೂ ಯಾವ ಸಂಬಂಧವೂ ಇಲ್ಲ.

ನಾನು ಗುರಿ ಮುಟ್ಟಿದಾಗ ಬ್ಯಾನರ್ ಮಡಚುತ್ತಿದ್ದರು. ಪಕ್ಕದಲ್ಲಿ ಹೆಂಡತಿ. ಅವಳ ಪಕ್ಕದಲ್ಲಿ ಗುಂಡುಕಲ್ಲಿನಂತೆ ಅತ್ತೆ. ಅತ್ತೆಯ ಪಕ್ಕದಲ್ಲಿ ಒಂದು ಸೂಟ್‌ಕೇಸು.

“ನನಗೆ ಹುಷಾರಿಲ್ಲ ಅಂತ ನನಗೇ ಗೊತ್ತಿರಲಿಲ್ಲ ಅಳಿಯಂದ್ರೆ,” ಅತ್ತೆ ಕಣ್ಣೊರೆಸಿಕೊಂಡರು. “ನೀವು ಹೇಳಿ ಕಳಿಸಿದ ಮೇಲೆ ನೋಡಿ, ಸೊಂಟ ಹಿಡ್ಕೊಳ್ತು. ಹೆತ್ತ ಮಗನೂ ಇಷ್ಟು ಯೋಚನೆ ಮಾಡಲ್ಲ.”

ಹೆಂಡತಿ ನನ್ನ ಕಿವಿಯ ಹತ್ತಿರ ಬಂದಳು. “ನಿಮ್ಮ ಫೋನು ಬೆಳಗ್ಗೆಯಿಂದ ನನ್ನ ಪರ್ಸಲ್ಲೇ ಇದೆ ರೀ. ಅಮ್ಮಂಗೆ ಹೇಳಿಲ್ಲ. ಹೇಳ್ಲಾ?”

“ಬೇಡ,” ಎಂದೆ. ಆಮೇಲೆ ಅತ್ತೆಯ ಕಡೆ ತಿರುಗಿ, “ಎಷ್ಟು ದಿನ ಇರ್ತೀರಿ ಅತ್ತೆ?” ಎಂದು ಕೇಳಿದೆ.

“ಪೂರ್ತಿ ವಾಸಿಯಾಗೋವರೆಗೂ ಇರು ಅಂದ್ಲು ಮಗಳು.”

ಸೂಟ್‌ಕೇಸು ಎತ್ತಿಕೊಂಡೆ. ಇಲ್ಲದ ಕಾಯಿಲೆ ಯಾವಾಗ ವಾಸಿಯಾಗುತ್ತದೆ, ನೀವೇ ಹೇಳಿ.