ಅಜ್ಜನನ್ನು ಬಾವಿಗೆ ತಳ್ಳಿದ ಮೊಮ್ಮಗ

ಅಜ್ಜನನ್ನು ಕೊಲ್ಲಲು ವಿಜ್ಞಾನವೇ ಬೇಕೆಂದಿಲ್ಲ. ತಾನು ಹುಟ್ಟುವ ಮೊದಲೇ ಹೋಗಿ ಕೊಲ್ಲಬೇಕಾದರೆ ಮಾತ್ರ ಬೇಕು. ಈ ಗಂಭೀರ ಸತ್ಯವನ್ನು ನಾನು ಕಂಡುಕೊಂಡದ್ದು ಅರುವತ್ತರ ದಶಕದಲ್ಲಿ, ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ. ಶಾಲೆಯ ವಾರ್ಷಿಕ ಸಂಚಿಕೆಗೆ ವೈಜ್ಞಾನಿಕ ಕತೆ ಬರೆಯುತ್ತೇನೆಂದು ಊರಿಡೀ ಹೇಳಿಕೊಂಡು ತಿರುಗಿದ್ದೆ. ಮಾವನ ಮನೆಗೂ ಕಾಗದ ಹೋಗಿತ್ತು. ಕತೆಯ ನಾಯಕ ಕಾಲಯಂತ್ರದಲ್ಲಿ ಕೂತು ಹಿಂದಕ್ಕೆ ಹೋಗಿ, ಇನ್ನೂ ಮದುವೆಯಾಗದ ತನ್ನ ಅಜ್ಜನನ್ನು, ಅಂದರೆ ತಾಯಿಯ ತಂದೆಯನ್ನು, ಬಾವಿಗೆ ತಳ್ಳುತ್ತಾನೆ. ಯಾಕೆ ತಳ್ಳಿದ ಎಂದು ಕೇಳಬೇಡಿ. ಕತೆಗೆ ಒಂದು ಕೊಲೆ ಬೇಕಿತ್ತು.

ಹೆಡ್ಮಾಸ್ಟ್ರು ಓದಿ ಕನ್ನಡಕವನ್ನು ಹಣೆಗೇರಿಸಿದರು. "ಅಜ್ಜ ಸತ್ತರೆ ಇವನ ಅಮ್ಮ ಹುಟ್ಟುದು ಹೇಗೆ ಮಾರಾಯ್ರೆ? ಅವಳಿಲ್ಲದಿದ್ದರೆ ಇವನಿಲ್ಲ. ಇವನಿಲ್ಲದಿದ್ದರೆ ತಳ್ಳಿದ್ದು ಯಾರು? ನಾಳೆಯ ಒಳಗೆ ಸರಿ ಮಾಡಿ. ಇಲ್ಲದಿದ್ದರೆ ಆ ಪುಟಕ್ಕೆ ನನ್ನ ಹತ್ತಿರ ಗೊಬ್ಬರದ ಬಗ್ಗೆ ಒಂದು ಲೇಖನ ಉಂಟು."

ಗೊಬ್ಬರಕ್ಕೆ ಸೋಲುವುದು ಯಾವ ಲೇಖಕನಿಗೂ ಶೋಭೆಯಲ್ಲ. ಮರುದಿನ ಪುತ್ತೂರಿನ ಪ್ರೆಸ್ಸಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅಜ್ಜನನ್ನು ಬಾವಿಯಿಂದ ಎತ್ತಿದೆ, ಮತ್ತೆ ತಳ್ಳಿದೆ. ಪಕ್ಕದಲ್ಲೇ ಹೆಡ್ಮಾಸ್ಟ್ರು, ಅವರ ಚೀಲದಲ್ಲಿ ಗೊಬ್ಬರ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಸಂಕಪ್ಪಣ್ಣ ನನ್ನ ಸಂಕಟವನ್ನೆಲ್ಲ ಕೇಳಿ, ಕೈಕೆಲಸ ನಿಲ್ಲಿಸದೆ ಹೇಳಿದ: "ಇದರಲ್ಲಿ ತಲೆಬಿಸಿ ಎಂತ ಉಂಟು ಮಾಷ್ಟ್ರೆ? ಹುಡುಗ ಅಳಿಯಕಟ್ಟಿನವ ಅಂತ ಬರೆಯಿರಿ. ನಮ್ಮಲ್ಲಿ ಮನೆ ಅಜ್ಜಿಯದ್ದು, ಕುಟುಂಬ ಅಜ್ಜಿಯದ್ದು. ಅಜ್ಜ ಬೇರೆ ಮನೆಯಿಂದ ಬಂದ ನೆಂಟ. ಅವ ಬಾವಿಗೆ ಬಿದ್ದರೆ ಇನ್ನೊಬ್ಬನನ್ನು ನೋಡುದು. ಮೊಮ್ಮಗ ಹುಟ್ಟುದು ಅದೇ ಮನೆಯಲ್ಲಿ, ಅದೇ ಹೆಸರು ಇಡುದು."

ತಾಯಿಯ ಕಡೆಯಿಂದ ವಂಶ ಎಣಿಸುವ ಈ ಪದ್ಧತಿ ಹೆಡ್ಮಾಸ್ಟ್ರ ಮನೆಯದೂ ಹೌದು. ನಾನು ವಿನಯದಿಂದಲೇ ಕೇಳಿದೆ, "ನಿಮ್ಮ ಅಮ್ಮನ ಅಪ್ಪನ ಹೆಸರೆಂತ ಸಾರ್?" ಅವರು ಮತ್ತೆ ಕನ್ನಡಕವನ್ನು ಹಣೆಗೇರಿಸಿದರು. "ಅಜ್ಜಿಯಂದಿರದ್ದಾದರೆ ಏಳು ತಲೆ ಹೇಳ್ತೇನೆ," ಎಂದರು. ಗೊಬ್ಬರ ಚೀಲದಲ್ಲೇ ಉಳಿಯಿತು.

ಲೋಕದ ಪಂಡಿತರು ಇಂದಿಗೂ ಗುದ್ದಾಡುವ ತೊಡಕನ್ನು ಪುತ್ತೂರಿನಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲೇ ಬಿಡಿಸಿದ ಹೆಮ್ಮೆಯಿಂದ, ಅಚ್ಚಾದ ಕತೆಯನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. "ಲಾಯ್ಕ ಉಂಟು. ಆದರೆ ನಮ್ಮದು ಮಕ್ಕಳಕಟ್ಟು ಅಲ್ವಾ? ನೀವು ಮಾತ್ರ ಆ ಯಂತ್ರ ಹತ್ತುದು ಬೇಡ."

ತಂದೆಯ ಕಡೆಯಿಂದ ಎಣಿಸುವ ವಂಶ ನಮ್ಮದು. ನಾನು ನಿಂತಿರುವುದೇ ಅಜ್ಜನ ಮೇಲೆ. ಅಂದಿನಿಂದ ಅವರ ಪಟದ ಧೂಳನ್ನು ದಿನವೂ ನಾನೇ ಒರೆಸುತ್ತೇನೆ. ಬಾವಿಯ ಬದಿಯ ಗೋಡೆಯಲ್ಲಿದ್ದದ್ದನ್ನು ತೆಗೆದು ನಡುಕೋಣೆಯಲ್ಲಿ ತೂಗಹಾಕಿದ್ದೇನೆ.