ಇಹ್ಲಾರಾ ಕಣಿವೆಯ ವಿಜಯಯಾತ್ರೆ

ಟರ್ಕಿಯ ಇಹ್ಲಾರಾ ಕಣಿವೆಯನ್ನು ಈ ತುದಿಯಿಂದ ಆ ತುದಿಗೆ ನಡೆದೇ ತೀರುತ್ತೇನೆಂದು ಶಿವಕುಮಾರ್ ಅಮೆರಿಕದ ಕ್ರಾಸ್‌ರೋಡ್ಸ್‌ನ ತನ್ನ ಫ್ಲಾಟಿನಲ್ಲಿ, ನಾಲ್ಕು ಜನರೆದುರು ಭೀಷ್ಮಪ್ರತಿಜ್ಞೆ ಮಾಡಿದ. ಹದಿನಾಲ್ಕು ಕಿಲೋಮೀಟರ್! ಲಿಫ್ಟು ಕೆಟ್ಟ ದಿನ ಈತ ಮನೆಯಿಂದಲೇ ಕೆಲಸ ಮಾಡುವ ಆಸಾಮಿಯೆಂದು ಆಫೀಸಿನ ಗೆಳೆಯ ವಿನಯನಿಗೆ ಗೊತ್ತಿತ್ತು.

“ಪೂರ್ತಿ ನಡೆದ್ಬಿಡು, ಎಲ್ರ ಮುಂದೆ ಅಡ್ಡ ಬೀಳ್ತೀನಿ,” ಎಂದ ವಿನಯ.

ಇನ್ನೇನು ಬೇಕು? ಶಿವಕುಮಾರ್ ದುಬಾರಿ ಟ್ರೆಕಿಂಗ್ ಶೂ ಕೊಂಡು ಎರಡು ತಿಂಗಳು ಪಕ್ಕದೂರು ಇಸ್ಸಾಕ್ವಾದ ಗುಡ್ಡಗಳನ್ನು ತುಳಿದ. ಹೊರಡುವ ದಿನ ಹೆಂಡತಿ ಯಾಮಿನಿ ಬ್ಯಾಗಿಗೆ ತನ್ನ ಹವಾಯಿ ಚಪ್ಪಲಿ ತುರುಕಿದಾಗ, ನಾವು ಹೋಗುತ್ತಿರುವುದು ಬಚ್ಚಲುಮನೆಗಲ್ಲ ಎಂದು ರೇಗಿದ. ಅವಳು ಚಪ್ಪಲಿ ತೆಗೆಯಲಿಲ್ಲ.

ಕಣಿವೆಗೆ ಇಳಿದರು. ನಡುವೆ ಹೊಳೆ, ಎರಡೂ ಬದಿ ಕಡಿದಾದ ಬಂಡೆ, ಬಂಡೆಯೊಳಗೆ ಸಾವಿರ ವರ್ಷದ ಹಿಂದೆ ಕೊರೆದ ಚರ್ಚುಗಳು. ಮೊದಲ ಚರ್ಚಿನ ಬಾಗಿಲಲ್ಲೇ ಮೈಸೂರಿನಲ್ಲಿ ಬೆಳೆದ ಕಾಲುಗಳು ಯಜಮಾನನನ್ನು ಕೇಳದೆ ಶೂ ಕಳಚಿಬಿಟ್ಟವು. ಚಾವಣಿಯ ಚಿತ್ರಗಳಿಗೆ ಕೈಮುಗಿದು ಹೊರಬಂದರೆ, ಎದುರಿಗೆ ಇಡೀ ಒಂದು ಟೂರಿಸ್ಟ್ ಬಸ್ಸಿನ ಜನ! ಇವನ ಶೂ ನೋಡಿ ಅದೇ ಅಲ್ಲಿಯ ನಿಯಮವೆಂದುಕೊಂಡು ಮೂವತ್ತು ಜನ ಸಾಲಾಗಿ ಶೂ ಬಿಚ್ಚುತ್ತಿದ್ದರು. ಸಾಕ್ಸೂ ತೆಗೆಯಬೇಕೇ ಎಂದು ಅಜ್ಜಿಯೊಬ್ಬರು ಕೇಳಿದರು. ಬೇಡವೆಂದು ಶಿವಕುಮಾರ್ ಅಪ್ಪಣೆ ಕೊಟ್ಟ. ಎಂಥ ಗತ್ತು! ಅಷ್ಟಕ್ಕೇ ಬಿಡದೆ ಅವರ ಜೊತೆ ಮತ್ತೆ ಒಳಹೊಕ್ಕು, ತನಗೆ ಗೊತ್ತಿಲ್ಲದ ಸಂತರನ್ನೆಲ್ಲ ವಿವರಿಸಿದ.

ಬಸ್ಸಿನವರು ಹೋದ ಮೇಲೆ ಬಾಗಿಲಲ್ಲಿ ಉಳಿದದ್ದು ಒಂದೇ ಜೊತೆ. ಅದೇ ಕಂಪನಿ, ಅದೇ ಬಣ್ಣ, ಎರಡು ಸೈಜು ಚಿಕ್ಕದು. ಇವನ ಶೂನಲ್ಲಿ ಆ ಪುಣ್ಯಾತ್ಮ ಹೇಗೆ ನಡೆದುಹೋದನೋ! ಇನ್ನೂ ಹನ್ನೆರಡು ಕಿಲೋಮೀಟರ್ ಬಾಕಿಯಿತ್ತು. ವಿನಯನ ಮುಖ ಕಣ್ಣೆದುರು ಬಂದು ಶಿವಕುಮಾರ್‌ಗೆ ಅಳುವೇ ಬಂತು.

ಯಾಮಿನಿ ಬ್ಯಾಗಿನ ಜಿಪ್ ಎಳೆದಳು. “ಬಚ್ಚಲುಮನೆ ಅಲ್ಲ ನಿಜ. ಆದ್ರೂ ಹಾಕ್ಕೊಳ್ಳಿ.”

ನಡೆದ! ಹಿಮ್ಮಡಿ ಎರಡಿಂಚು ಹೊರಚಾಚಿದ್ದರೂ ಕೊನೆಯ ತನಕ ನಡೆದೇಬಿಟ್ಟ.

ಕ್ರಾಸ್‌ರೋಡ್ಸ್‌ಗೆ ಮರಳಿದ ವಾರ ಎಲ್ಲರನ್ನೂ ಕರೆದು ಟಿವಿಯಲ್ಲಿ ಫೋಟೋ ತೋರಿಸಿದ. ಎಲ್ಲವೂ ಮೊಣಕಾಲಿನಿಂದ ಮೇಲೆ. ಚಪ್ಪಾಳೆ ಬಿತ್ತು. ಶಿವಕುಮಾರ್ ಸೋಫಾದಲ್ಲಿ ಕಾಲು ಮುಂದೆ ಚಾಚಿ ವಿನಯನಿಗಾಗಿ ಕಾದ.

ಆಗ ಯಾಮಿನಿ ತನ್ನ ಮೊಬೈಲಿನದೂ ಒಂದು ಫೋಟೋ ಟಿವಿಗೆ ಹಾಕಿದಳು. ಕಣಿವೆಯ ತುದಿ, ಎರಡೂ ಕೈ ಮೇಲೆತ್ತಿದ ವೀರ, ಕಾಲಲ್ಲಿ ಗುಲಾಬಿ ಹೂವಿನ ಚಪ್ಪಲಿ.

ವಿನಯ ಎದ್ದ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಚಾಚಿದ ಕಾಲುಗಳನ್ನು ದಾಟಿ ನೇರ ಬಾಗಿಲ ಬಳಿ ಹೋಗಿ, ಅಲ್ಲಿ ಬಿಟ್ಟಿದ್ದ ಯಾಮಿನಿಯ ಅದೇ ಚಪ್ಪಲಿಗಳಿಗೆ ಉದ್ದಕ್ಕೂ ಅಡ್ಡಬಿದ್ದ.