ಮಾಮಾನ ಮಣ್ಣಿನ ಸಾಲಿ

ನಮ್ಮ ಮಾಮಾನಷ್ಟು ಕೆಟ್ಟದಾಗಿ ಗಡಿಗೆ ಮಾಡುವವರು ಇಡೀ ಹಾನಗಲ್ಲ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಆದ್ದರಿಂದಲೇ ಇರಬೇಕು, ಅವನು ಮಕ್ಕಳಿಗೆ ಗಡಿಗೆ ಮಾಡುವುದನ್ನು ಕಲಿಸುತ್ತಿದ್ದ!

ಮಾಮಾ ಎಂದರೆ ಅವ್ವನ ತಮ್ಮ. ನಮ್ಮೂರು ತಿಳವಳ್ಳಿಯಲ್ಲೇ ಭತ್ತದ ಗದ್ದೆಗಳಿದ್ದ ಸಾವುಕಾರ. ಒಮ್ಮೆ ಹಾನಗಲ್ಲಿನ ಸಭೆಯಲ್ಲಿ ಯಾರೋ ಖಾದಿ ಟೊಪ್ಪಿಗೆಯವರು, ಸಾಲಿ ಮಕ್ಕಳು ಕೈಕೆಲಸ ಕಲಿಯಬೇಕೆಂದು ಭಾಷಣ ಮಾಡಿದರು. ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಇವನು ನೆಟ್ಟಗೆ ಕುಂಬಾರ ಅಜ್ಜನ ಹಿತ್ತಲಿಗೆ ಹೋದ!

ಅಲ್ಲಿ ಪ್ರತಿ ರವಿವಾರ ನಮ್ಮ ಮಣ್ಣಿನ ಸಾಲಿ. ಮೂಗು ಸೋರುವ ಚಿಕ್ಕವರಿಂದ ಮೀಸೆ ಮೂಡುತ್ತಿದ್ದ ಪೋರರವರೆಗೆ ಎಲ್ಲರೂ ವಿದ್ಯಾರ್ಥಿಗಳೇ. ಮೊದಲ ದಿನವೇ ಮಾಮಾ ಗಡಿಗೆ ಮಾಡುವ ಚಕ್ರ ತಿಗರಿಯನ್ನು ಎಂಥ ಜೋರಿನಿಂದ ತಿರುಗಿಸಿದನೆಂದರೆ, ಮೇಲಿದ್ದ ಮಣ್ಣಿನ ಮುದ್ದೆ ಹಾರಿ ಹಾದಿಯಲ್ಲಿ ಹೊರಟಿದ್ದ ಗೌಡರ ರುಮಾಲಿಗೆ ಮೆತ್ತಿಕೊಂಡಿತು.

"ಏನೋ ಇದು?" ಎಂದು ಗೌಡರು ಗುಡುಗಿದರು.

"ತುರಾಯಿ ರೀ ಗೌಡ್ರ! ಬರೇ ರುಮಾಲು ಬಣ ಬಣ ಅನಸ್ತಿತ್ತು" ಎಂದ ಮಾಮಾ.

ಅವನ ಗಡಿಗೆಗಳು ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. "ಮಾಮಾ, ಇದು ಸೊಟ್ಟ ಆಗೇತಿ" ಎಂದರೆ, "ಸೊಟ್ಟ ಅಲ್ಲಲೇ, ಬಾಗೇತಿ. ನೀರು ಸುರುವುವಾಗ ನೀ ಬಾಗಬಾರದಂತ" ಎನ್ನುವನು. ಕೊನೆಗೆ ಅಜ್ಜನೇ ಕೈಮುಗಿದ: "ಸಾವ್ಕಾರ್ರ, ನೀವು ಚೂರು ಸುಮ್ನ ಕುಂತ್ರ ಹುಡುಗ್ರು ಲಗೂ ಕಲೀತಾವ್ರಿ."

"ಮತ್ತ ನಾ ಯಾವಾಗ ಕಲೀಬೇಕೋ?" ಎಂದ ಮಾಮಾ!

ಇಂದು ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನು. ನನಗಿಂತ ಮುಂಚೆ ನಮ್ಮಲ್ಲಿ ಗಂಡಸರು ಕೂಡ ಕಾಲೇಜಿನ ಮೆಟ್ಟಿಲು ಕಂಡಿರಲಿಲ್ಲ. ಆದರೆ ಆ ವರ್ಷ ನನ್ನ ಓದು ಊರ ಸಾಲಿಗೇ ಮುಗಿಯುವುದರಲ್ಲಿತ್ತು. ಸವಣೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್ ಸಾಲಿಗೆ ಹೋಗುತ್ತೇನೆಂದು ನಾನು ಹಟ ಹಿಡಿದರೆ, ಅಪ್ಪ ಒಲ್ಲೆನೆಂದ.

"ಪುಸ್ತಕ ಹಿಡದ ಕೈ ಮತ್ಯಾವ ಕೆಲಸಕ್ಕೂ ಬರಾಂಗಿಲ್ಲ."

"ಬರ್ತಾವು," ಎಂದ ಮಾಮಾ. "ಆಕಿ ಮಾಡಿದ ಕೊಡದಾಗ ಕೆರಿ ನೀರು ನಿಮ್ಮ ಹೊಸ್ತಿಲಾ ಮುಟ್ಟಿದ್ರ ಸವಣೂರಿಗೆ ಕಳಸ್ತೀರೇನು?"

"ಮುಟ್ಟಲಿ, ಕಳಸ್ತೇನಿ."

ನಾನು ಮಣ್ಣು ಬಡಿದು ಕೊಡ ಮಾಡಿದೆ, ಒಣಗಿಸಿದೆ. ಅಜ್ಜ ಆವಿಗೆಯ ಬೆಂಕಿಯಲ್ಲಿ ಸುಟ್ಟುಕೊಟ್ಟ. ಕೆರೆಯಲ್ಲಿ ತುಂಬಿ ಎತ್ತಿದೆ ನೋಡಿ, ತಳದಲ್ಲಿ ಕೂದಲೆಳೆಯ ಸೀಳು! ಹನಿ ಹನಿ ನೀರು ಕಾಲ ಮೇಲೆ ಬೀಳತೊಡಗಿತು. ಸವಣೂರೇ ಸೋರಿಹೋದಂತಾಗಿ ಅಲ್ಲೇ ಕುಳಿತು ಅತ್ತುಬಿಟ್ಟೆ.

ಜೊತೆಗೆ ಬಂದಿದ್ದ ಮಾಮಾ ಬಗ್ಗಿ ಸೀಳನ್ನು ನೋಡಿದ. ಕೊಡವನ್ನು ತನ್ನ ಹೆಗಲಿಗೇರಿಸಿ, ತಳಕ್ಕೆ ಅಂಗೈ ಒತ್ತಿ ಹಿಡಿದು ನಡೆದೇಬಿಟ್ಟ. ಗಂಡಸು, ಅದೂ ಸಾವುಕಾರ, ನೀರು ಹೊರುವುದೆಂದರೇನು! ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು.

"ಅಯ್ಯ, ಇದೇನ್ರಿ ಸಾವ್ಕಾರ್ರ, ಮನ್ಯಾಗ ಹೆಣ್ಮಕ್ಕಳಿಲ್ಲೇನು?"

"ಅದಾರವಾ, ಓದಾಕತ್ತಾರ!"

ನಮ್ಮ ಮನೆ ಬರುವಷ್ಟರಲ್ಲಿ ತೋಳಿನಿಂದ ಇಳಿದ ನೀರು ಅಂಗಿಯನ್ನು ತೋಯಿಸಿ ಧೋತರದಿಂದ ತೊಟ್ಟಿಕ್ಕುತ್ತಿತ್ತು. ಹೊಸ್ತಿಲಲ್ಲಿ ನಿಂತಿದ್ದ ಅಪ್ಪ ಕೊಡದೊಳಗೆ ಇಣುಕಿದ. ಅರ್ಧದಷ್ಟು ನೀರಿತ್ತು. ಆಮೇಲೆ ಮಾಮಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬಿಸಲು ಭಾಳ ನೋಡ್ರಿ," ಎಂದ ಮಾಮಾ, ಕೊಡದ ತಳದಿಂದ ಕೈ ತೆಗೆಯದೆ. "ಬೆವರು."

ಅಪ್ಪ ಹೊಸ್ತಿಲಿಗೆ ಬಿದ್ದ ಹನಿಗಳತ್ತ ಕಣ್ಣು ಹಾಯಿಸಿದ. ಆಮೇಲೆ ಒಳಗೆ ಮುಖ ಮಾಡಿ ಅವ್ವನನ್ನು ಕೂಗಿದ:

"ಏ, ನಿನ್ನ ತಮ್ಮಗ ಒಂದು ಒಣಾ ಧೋತರ ತಂದ ಕೊಡ. ಹಂಗ ಈಕೀವೂ ಅರಿವಿ ಗಂಟ ಕಟ್ಟ, ಸವಣೂರಿಗೆ."